ನೆರಳಿಗೂ ಪಹಣಿ ಉಂಟೆ?

ಮನೆಯವರೊಬ್ಬರ ಕಣ್ಣಿನ ಚಿಕಿತ್ಸೆಯ ನಿಮಿತ್ತ ಕಳೆದ ಬೇಸಿಗೆಯಲ್ಲಿ ನಾವು ಮೂರು ವಾರ ಬೆಂಗಳೂರಿನ ಜಯನಗರದಲ್ಲಿ, ನಂಟರ ಮನೆಯಲ್ಲಿ ತಂಗಬೇಕಾಯಿತು. ಲಾಲ್‌ಬಾಗು ಅಲ್ಲಿಂದ ಹತ್ತು ಮಿನಿಟಿನ ದಾರಿ. ಬೆಂಗಳೂರೆಂದರೆ ಮೂಗು ಮುರಿಯುವುದು ಜಿಲ್ಲೆಯ ಪತ್ರಿಕೆಗಳಿಗೆಲ್ಲ ಇರುವ ಚಟ. ನಮಗೂ ಅದು ಉಂಟು. ಆದರೆ ಓದುಗರ ಮುಂದೆ ನಿಜವನ್ನೇ ಹೇಳಿಬಿಡುತ್ತೇವೆ: ಅಲ್ಲಿ ನಮಗೆ ಸುಖವಾಗಿತ್ತು.

ಬೆಳಗಿನ ಜಾವ ಕೋಗಿಲೆ ಕೂಗಿ ಎಬ್ಬಿಸುತ್ತಿತ್ತು. ಬಾಗಿಲು ತೆರೆದರೆ ಬೀದಿಯ ತುಂಬ ಹೊಂಗೆಯ ಹೂವು, ಯಾರೋ ಮಂಡಕ್ಕಿ ಚೆಲ್ಲಿಹೋದ ಹಾಗೆ. ಎರಡು ಸಾಲು ಮರಗಳು ಮೇಲೆ ಕೈಕೈ ಹಿಡಿದು ನಿಂತಿದ್ದರಿಂದ ಮಧ್ಯಾಹ್ನ ಎರಡು ಗಂಟೆಗೂ ಕೊಡೆಯಿಲ್ಲದೆ ಔಷಧಿ ಅಂಗಡಿಗೆ ಹೋಗಿಬರಬಹುದಾಗಿತ್ತು. ಬಡಾವಣೆಯ ಪಾರ್ಕಿನಲ್ಲಿ ಹೊತ್ತು ಮೂಡುವ ಮುನ್ನವೇ ಪಿಂಚಣಿದಾರರ ಸಭೆ. ಒಂದು ಬೆಂಚಿನಲ್ಲಿ ರಕ್ತದೊತ್ತಡದ ಚರ್ಚೆ, ಇನ್ನೊಂದರಲ್ಲಿ ಅಮೇರಿಕದ ಮಗನ ಚರ್ಚೆ, ಮೂಲೆಯಲ್ಲಿ ಕೈಯೆತ್ತಿ ಜೋರಾಗಿ ನಗುವ ಒಂದು ಕೂಟ. ಗೇಟಿನ ಹತ್ತಿರ ಒಬ್ಬಾತ ಹಾಗಲಕಾಯಿ ರಸ, ಬೂದುಗುಂಬಳದ ರಸ ಮಾರುತ್ತಿದ್ದ. ಕುಡಿದು ನೋಡಿದೆವು. ಅದರ ಗುಣವನ್ನು ನಂಬುವವರಿಗೇ ಬಿಡುತ್ತೇವೆ.

ನಾವಿದ್ದ ಮನೆಯ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಲಾಲ್‌ಬಾಗಿನ ಇನ್ನೊಂದು ಮಗ್ಗುಲಿನ ಸಿದ್ದಾಪುರದವಳು. ಒಂದು ದಿನ ಪಾತ್ರೆ ತೊಳೆದಾದ ಮೇಲೂ ಹೊರಡದೆ ಅಂಗಳದ ಮೆಟ್ಟಿಲ ಮೇಲೆ ಕುಳಿತಿದ್ದಳು. ‘ಯಾಕಮ್ಮ, ಹುಷಾರಿಲ್ಲವೆ?’ ಎಂದೆವು. ‘ಹುಷಾರಾಗೇ ಇವ್ನಿ ಸಾರ್. ಈಗ ಮನೆಗೋದ್ರೆ ಶೀಟು ಕಾದು ಬೆಂಕಿಯಾಗಿರ್ತದೆ. ನಿಮ್ ಬೀದೀಲಿ ಬಿಸಿಲೇ ಬೀಳಾಕಿಲ್ಲ. ಸ್ವಲ್ಪ ಹೊತ್ತು ಕುಂತು ಹೋಯ್ತೀನಿ’ ಎಂದಳು.

ಆಕೆಯ ಮಾತಿಗೆ ವಿಜ್ಞಾನದ ಸಾಕ್ಷಿಯೂ ಉಂಟು. ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಮರವಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣ 5.6 ಡಿಗ್ರಿಯವರೆಗೂ, ರಸ್ತೆಯ ಮೈಯ ಉಷ್ಣ 27.5 ಡಿಗ್ರಿಯವರೆಗೂ ಕಡಿಮೆ ಇರುತ್ತದೆ. ಬರಿಗಾಲಲ್ಲಿ, ಇಲ್ಲವೆ ಸವೆದ ಹವಾಯಿ ಚಪ್ಪಲಿಯಲ್ಲಿ ನಡೆಯುವವರಿಗೆ ಇಪ್ಪತ್ತೇಳು ಡಿಗ್ರಿ ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ವಿವರಿಸಿಯೂ ಪ್ರಯೋಜನವಿಲ್ಲ. ನೆರಳು ಯಾರಿಗೆ ಹೆಚ್ಚು ಬೇಕೋ ಅವರ ಬೀದಿಯಲ್ಲಿ ಅದು ಕಡಿಮೆ, ಯಾರಿಗೆ ಕಡಿಮೆ ಸಾಕೋ ಅವರ ಬೀದಿಯಲ್ಲಿ ಹೆಚ್ಚು. ಈ ಹಂಚಿಕೆಯನ್ನು ಮಾಡಿದವರು ಯಾರು?

ದೇವರಂತೂ ಅಲ್ಲ. ಲಾಲ್‌ಬಾಗಿನ ತೋಟವನ್ನು 1760ರಲ್ಲಿ ಹಾಕಿಸಲು ಮೊದಲು ಮಾಡಿದವನು ಹೈದರಾಲಿ, ಮುಂದುವರಿಸಿದವನು ಟಿಪ್ಪು. ಕಬ್ಬನ್ ಪಾರ್ಕು 1870ರದು. 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್ ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಿ ನೆಡಿಸಿದ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳುತನದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಎಲ್ಲವೂ ಸರಕಾರದ ಹಣ, ಎಂದರೆ ನಾಡಿನ ರೈತ, ಕೂಲಿ, ಗುಮಾಸ್ತ ತೆತ್ತ ಹಣ. ಗುಂಡಿ ತೋಡಿದವರು, ನೀರು ಹೊತ್ತವರು ಕೂಲಿಕಾರರು. ಜಯನಗರದ ನಿವೇಶನದಾರ ಖರೀದಿಸಿದ್ದು ಅರವತ್ತು ಅಡಿ, ನಲವತ್ತು ಅಡಿ ನೆಲವನ್ನು. ಅದರ ಜೊತೆಗೆ ಎದುರಿನ ಮರ ಪುಕ್ಕಟೆಯಾಗಿ ಬಂತು. ಈಗ ಮನೆ ಮಾರುವಾಗ ಆ ಮರಕ್ಕೂ ಪಾರ್ಕಿಗೂ ಬೆಲೆ ಕಟ್ಟುತ್ತಾನೆ. ಇದರಲ್ಲಿ ಅವನದೊಬ್ಬನದೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಊರೆಲ್ಲ ಸೇರಿ ಬೆಳೆಸಿದ ನೆರಳು ಒಬ್ಬನ ಕ್ರಯಪತ್ರದ ಮೊಬಲಗಿನೊಳಗೆ ಸೇರಿಹೋಗುವ ಕೈಚಳಕ ಗಮನಿಸತಕ್ಕದ್ದು.

ಹಿಂದಿನ ಕಥೆ ಇನ್ನೂ ಕಹಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಅಗಲವಾದ ಬೀದಿ, ಸಾಲುಮರ, ಗಾಳಿ, ಬೆಳಕು ಎಲ್ಲವೂ ಆರೋಗ್ಯದ ಹೆಸರಿನಲ್ಲಿ ಬಂದವು. ಜೊತೆಗೆ ಮನೆಗಳ ಹಿಂದೆ ಕಿರಿದಾದ ಓಣಿಗಳೂ ಬಂದವು. ಆ ಓಣಿಗಳು ಯಾತಕ್ಕೆ? ಮಲ ಹೊರುವವರು ಮುಂದಿನ ಬೀದಿಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿಕ್ಕೆ. ಮುಂದುಗಡೆ ಸಂಪಿಗೆ, ಹಿಂದುಗಡೆ ಮಲದ ಬುಟ್ಟಿ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ನಿಷೇಧಿಸಿದರು. ಓಣಿಗಳು ಮಾತ್ರ ಇಂದಿಗೂ ಅಲ್ಲಲ್ಲಿ ಉಳಿದಿವೆ, ಹೋದವರು ನೋಡಬಹುದು.

ಲಾಲ್‌ಬಾಗಿನ 240 ಎಕರೆಗೂ ಗೋಡೆ ಉಂಟು, ಟಿಕೇಟೂ ಉಂಟು. ಬೆಳಗಿನ ವಾಯುಸೇವನೆಯ ಹೊತ್ತಿನಲ್ಲಿ ಪ್ರವೇಶ ಪುಕ್ಕಟೆ. ಆ ಹೊತ್ತಿನಲ್ಲಿ ನಮ್ಮ ಸಿದ್ದಾಪುರದ ತಾಯಿ ಮೂರನೆಯ ಮನೆಯ ಪಾತ್ರೆ ತಿಕ್ಕುತ್ತಿರುತ್ತಾಳೆ. ಆಕೆಗೆ ಬಿಡುವಾಗುವ ಮಧ್ಯಾಹ್ನಕ್ಕೆ ದುಡ್ಡು ತೆರಬೇಕು. ಬಡಾವಣೆಗಳ ಪಾರ್ಕುಗಳಂತೂ ಬಹುಕಾಲ ಬೆಳಿಗ್ಗೆ ತೆರೆದು, ನಡುಹಗಲಲ್ಲಿ ಬೀಗ ಹಾಕಿ, ಸಂಜೆ ಮತ್ತೆ ತೆರೆಯುತ್ತಿದ್ದವು. ಬಿಸಿಲು ನೆತ್ತಿಗೇರಿದಾಗ ನೆರಳಿಗೆ ಬೀಗ ಹಾಕುವ ಬುದ್ಧಿ ಯಾರಿಗೆ ಹೊಳೆಯಿತೋ! 2024ರಲ್ಲಿ ಆಗಿನ ಮಹಾನಗರ ಪಾಲಿಕೆ, ಪಾರ್ಕುಗಳು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಲಿ ಎಂದು ಸಾರಿತು. ಒಳ್ಳೆಯ ಮಾತು. ಆದರೆ ನಮ್ಮ ನಂಟರ ಬೀದಿಯ ಗೇಟಿನಲ್ಲಿ ನಾವು ಕಂಡದ್ದು ಇನ್ನೊಂದು ಬೋರ್ಡು: ಚೆಂಡಾಟ ಆಡಕೂಡದು, ತಿಂಡಿ ತರಕೂಡದು, ಮಲಗಕೂಡದು. ಒಂದು ಮಧ್ಯಾಹ್ನ ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬ ಬೆನ್ನಿನ ಪೆಟ್ಟಿಗೆಯನ್ನು ಕಳಚಿ ಬೆಂಚಿನ ಮೇಲೆ ಕಾಲು ಚಾಚಿದ್ದ. ಕಾವಲುಗಾರ ಬಂದು ಎಬ್ಬಿಸಿದ. ಇಬ್ಬರೂ ಒಂದೇ ಸೀಮೆಯ ಕಡೆಯವರೆಂದು ಮಾತಿನಿಂದ ತಿಳಿಯಿತು. ‘ನಾನೇನ್ ಮಾಡ್ಲಿ ತಮ್ಮ, ಕಮಿಟಿಯವ್ರು ಬೈತಾರ’ ಎಂದ ಕಾವಲುಗಾರ.

ಈ ವಿಷಯದಲ್ಲಿ ನಂಟರಿಗೂ ನಮಗೂ ರಾತ್ರಿ ಊಟದ ಹೊತ್ತಿನಲ್ಲಿ ಜಟಾಪಟಿಯೇ ಆಯಿತು. ‘ನೀವು ಹೇಳೋದು ಸುಲಭ. ಬಿಟ್ಟರೆ ಬಾಟಲಿ ಒಡೆದು ಹೋಗ್ತಾರೆ, ಗುಡಿಸೋರು ಯಾರು?’ ಎಂಬುದು ಅವರ ವಾದ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ಒಡೆದ ಬಾಟಲಿಯನ್ನು ನಾವೂ ಕಂಡೆವು. ಆದರೆ ಗುಡಿಸುವವರು ಯಾರೆಂಬ ಪ್ರಶ್ನೆಗೆ ಉತ್ತರ ನಂಟರಿಗೂ ಗೊತ್ತು. ಹೊಂಗೆಯ ಹೂವು ನಮಗೆ ಸೊಗಸು, ಪೌರಕಾರ್ಮಿಕಳಿಗೆ ಇನ್ನೊಂದು ಗಾಡಿ ಕಸ. ಆ ಪೌರಕಾರ್ಮಿಕರು ಖಾಯಂ ನೌಕರಿಗಾಗಿ 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು.

ಇಷ್ಟು ಹೇಳಿ, ಆ ನೆರಳಿನ ಜನರಿಗೆ ಸಲ್ಲಬೇಕಾದ ಮಾನವನ್ನೂ ಸಲ್ಲಿಸಬೇಕು. 2009ರಲ್ಲಿ ಮೆಟ್ರೋ ರೈಲಿಗಾಗಿ ನಂದಾ ರಸ್ತೆಯಲ್ಲೂ ಲಾಲ್‌ಬಾಗಿನ ಅಂಚಿನಲ್ಲೂ ಕೊಡಲಿ ಬಿದ್ದಾಗ ಅವರು ಬೀದಿಗಿಳಿದರು. 2016ರಲ್ಲಿ ಹೆಬ್ಬಾಳದ ಕಡೆ ಉಕ್ಕಿನ ಸೇತುವೆಗಾಗಿ 800ಕ್ಕೂ ಹೆಚ್ಚು ಮರ ಉರುಳಲಿದ್ದಾಗ ಸಾವಿರಾರು ಜನ ಸರಪಳಿಯಾಗಿ ನಿಂತರು. ಮರುವರ್ಷ ಸರಕಾರ ಯೋಜನೆಯನ್ನು ಕೈಬಿಟ್ಟಿತು. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ಸುಮಾರು 6 ಎಕರೆ ಬೇಕೆಂಬ ಸುದ್ದಿ ಹಬ್ಬಿದಾಗಲೂ ಬೆಂಚಿನ ಮೇಲಿದ್ದ ಪಿಂಚಣಿದಾರರು ಎದ್ದು ಬಂದರು. ಸರಕಾರದ ಎದುರು ನಿಲ್ಲುವುದು ಸಣ್ಣ ಮಾತಲ್ಲ, ವಯಸ್ಸಾದವರಿಗೆ ಇನ್ನೂ ಕಷ್ಟ. ನಮ್ಮ ಆಕ್ಷೇಪಣೆ ಒಂದೇ. ಸಾರ್ವಜನಿಕರ ಆಸ್ತಿ ಎಂದು ಕಂಟ್ರಾಕ್ಟರರ ಎದುರು ಕೂಗಿದ ಗಂಟಲು, ಅದೇ ಸಾರ್ವಜನಿಕ ಬೆಂಚಿನ ಮೇಲೆ ಮಲಗಿದಾಗ ‘ಹೊರಗಿನವನು’ ಎನ್ನಬಾರದು.

ನಮ್ಮ ಊರಿಗೆ ಮರಳಿದಾಗ ನಿಲ್ದಾಣದಿಂದ ಮನೆಯವರೆಗೆ ಒಂದು ಮೈಲಿ ಬಿಸಿಲಿನಲ್ಲಿ ನಡೆದೆವು. ರಸ್ತೆ ಅಗಲ ಮಾಡುವಾಗ ಕಡಿದ ಸಾಲುಮರಗಳ ಬದಲಿಗೆ ನಡುವೆ ಸಿಮೆಂಟಿನ ಕಟ್ಟೆ ಕಟ್ಟಿ ಮೊಳದೆತ್ತರದ ಗಿಡ ಇಟ್ಟಿದ್ದಾರೆ. ಅದರ ನೆರಳಿನಲ್ಲಿ ಬೆಕ್ಕೂ ಮಲಗಲಾರದು. ಹೊಸ ಬಡಾವಣೆಗಳ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗಗಳಲ್ಲಿ ಎಷ್ಟು ಇಂದು ಪಾರ್ಕಾಗಿವೆ, ಎಷ್ಟು ಗುಡಿ, ಗ್ಯಾರೇಜುಗಳಾಗಿವೆ ಎಂಬುದನ್ನು ಓದುಗರೇ ತಮ್ಮ ತಮ್ಮ ವಾರ್ಡಿನಲ್ಲಿ ಎಣಿಸಿ ನಮಗೆ ಬರೆಯಬೇಕು. ಉದ್ಯಾನ, ಆಟದ ಬಯಲು, ಬಯಲು ಜಾಗಗಳ ರಕ್ಷಣೆಗೆ 1985ರಲ್ಲೇ ರಾಜ್ಯ ಕಾಯಿದೆ ಮಾಡಿದೆ.

ಇರುವ ಒಂದು ಪಾರ್ಕಿನ ಮುಂದೆ ಹಾದುಬರುವಾಗ ಗಂಟೆ ಒಂದೂವರೆ. ಗೇಟಿಗೆ ಬೀಗ. ಹೊರಗೆ, ಗೋಡೆಯ ಒಂದು ಗೇಣು ನೆರಳಿನಲ್ಲಿ, ಸಂತೆಗೆ ಬಂದ ನಾಲ್ವರು ಹೆಂಗಸರು ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಬೀಗದ ಕೈ ಯಾರ ಹತ್ತಿರ ಇದೆಯೆಂದು ನಗರಸಭೆಯ ಮುಂದಿನ ಸಭೆಯಲ್ಲಿ ಬರಹದ ಮೂಲಕ ಕೇಳಲಿದ್ದೇವೆ. ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.