ಸಾರ್ವಜನಿಕ ಹಣ, ಮುಚ್ಚಿದ ತಂತ್ರಾಂಶ

ಬಂಧುವೊಬ್ಬರ ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ಕೊಚ್ಚಿಯಲ್ಲಿ ತೆಗೆಸಿ, ಮತ್ತೊಬ್ಬ ತಜ್ಞರ ಅಭಿಪ್ರಾಯಕ್ಕಾಗಿ ತಿರುವನಂತಪುರಕ್ಕೆ ಒಯ್ದ ಸಂದರ್ಭವದು. ಡೈಕಾಮ್ ಎಂಬ ಜಾಗತಿಕ ಮಾನಕವೊಂದು 1993ರಿಂದ ಬಳಕೆಯಲ್ಲಿರುವುದರಿಂದ ಚಿತ್ರಗಳೇನೋ ಅಲ್ಲಿಯೂ ತೆರೆದುಕೊಂಡವು. ಆದರೆ ಒಂದೇ ಗಡ್ಡೆಗೆ ಎರಡು ಊರಿನ ಗಣಕಗಳು ಎರಡು ಅಳತೆ ಹೇಳಿದವು. ಕಾರಣ ಕೇಳಿದಾಗ ವೈದ್ಯರು, "ಅದು ತಂತ್ರಾಂಶದ ಒಳಗಿನ ವಿಚಾರ ಸಾರ್, ನಮಗೂ ತಿಳಿಯದು" ಎಂದರು.

ಎಂ.ಆರ್.ಐ. ಚಿತ್ರವೆಂಬುದು ವಾಸ್ತವವಾಗಿ ಅಂಕಿಗಳ ರಾಶಿ. ಅದರಲ್ಲಿ ಗಡ್ಡೆ ಎಲ್ಲಿ ಮುಗಿದು ಆರೋಗ್ಯವಂತ ಭಾಗ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಂತ್ರಾಂಶವು ತನ್ನದೇ ಲೆಕ್ಕಾಚಾರದಿಂದ ನಿರ್ಧರಿಸುತ್ತದೆ. ಆ ಲೆಕ್ಕಾಚಾರ ಗುಪ್ತವಾಗಿದ್ದರೆ ವೈದ್ಯರು ಅದನ್ನು ನಂಬಬಹುದೇ ಹೊರತು ಸಂಶೋಧಕರು ಪರೀಕ್ಷಿಸಲಾರರು. ಪರೀಕ್ಷೆಗೆ ಒಳಪಡದ ಫಲಿತಾಂಶವನ್ನು ವಿಜ್ಞಾನವೆನ್ನುವುದು ಹೇಗೆ?

ಇದಕ್ಕೆ ಪರಿಹಾರವಿಲ್ಲದಿಲ್ಲ. ಬಾಸ್ಟನ್ನಿನ ಬ್ರಿಗ್ಯಾಮ್ ಆಸ್ಪತ್ರೆ ಮತ್ತು ಎಂ.ಐ.ಟಿ.ಗಳ ಸಹಯೋಗದಲ್ಲಿ 1998ರಲ್ಲಿ ಮೊಳೆತ 'ತ್ರೀಡಿ ಸ್ಲೈಸರ್', ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1999ರಲ್ಲಿ ಕೈಗೊಂಡ 'ಐ.ಟಿ.ಕೆ.' ಎರಡೂ ಮುಕ್ತ ತಂತ್ರಾಂಶಗಳು. ಅವುಗಳ ಮೂಲ ಸಂಕೇತವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಸ್ಲೈಸರ್ ಸಂಶೋಧನೆಯ ವೇದಿಕೆಯೇ ಹೊರತು ಚಿಕಿತ್ಸೆಗೆ ಮಾನ್ಯತೆ ಪಡೆದ ಉಪಕರಣವಲ್ಲ, ನಿಜ. ಆದರೂ ಅಲ್ಲಿನ ಸರ್ಕಾರ ವರ್ಷಾನುವರ್ಷ ಹಣವೊದಗಿಸಿ ಇಂಥವನ್ನು ಪೋಷಿಸಿದೆಯೆಂಬುದು ಗಮನಾರ್ಹ.

ಇಂಥ ಕಾರ್ಯಕ್ಕೆ ಕೇರಳದ ನೆಲ ಹದವಾಗಿಯೇ ಇದೆ. ಮುಂದೆ ಮಣಿಪಾಲದಲ್ಲಿ ಕುಲಪತಿಗಳಾಗಿ ಕನ್ನಡಿಗರಿಗೂ ಪರಿಚಿತರಾದ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ಹೃದಯ ಕವಾಟವನ್ನು ರೂಪಿಸಿತು. ಮೊದಲ ಮಾದರಿಗಳು ವಿಫಲವಾದರೂ ಧೃತಿಗೆಡದೆ, 1990ರಲ್ಲಿ ಅದನ್ನು ಮಾನವನ ಎದೆಯಲ್ಲಿರಿಸಿತು. ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ 2001ರಲ್ಲಿ ಉದ್ಘಾಟನೆಗೊಂಡದ್ದೂ ಅದೇ ನಗರದಲ್ಲಿ. ಮುಕ್ತ ತಂತ್ರಾಂಶಕ್ಕೆಂದೇ ರಾಜ್ಯ ಸರ್ಕಾರದ ಸಂಸ್ಥೆಯೂ ಅಲ್ಲಿದೆ. ಕವಾಟಕ್ಕೆ ತೋರಿದ ತಾಳ್ಮೆಯನ್ನು ತಂತ್ರಾಂಶಕ್ಕೂ ತೋರಬಾರದೇಕೆ?

ಕಡತಗಳ ನಡುವೆಯೇ ಆಯುಷ್ಯದ ಬಹುಪಾಲು ಕಳೆದ ನನಗೆ ಕಂಡ ತೊಡಕು ಇದು: ಯಂತ್ರ ಕೊಳ್ಳಲು ಅನುದಾನ ಸುಲಭ, ಬರೆದ ತಂತ್ರಾಂಶವನ್ನು ಹತ್ತು ವರ್ಷ ಕಾಪಾಡುವವರ ಸಂಬಳಕ್ಕೆ ಅನುದಾನ ದುರ್ಲಭ. ಯೋಜನೆ ಮುಗಿದೊಡನೆ ಎಳೆಯ ಸಂಶೋಧಕ ಹೊರಟುಹೋಗುತ್ತಾನೆ, ಅವನ ದುಡಿಮೆ ಅನಾಥವಾಗುತ್ತದೆ.

ರೋಗಿಯ ಗುಟ್ಟು ಬಯಲಾಗದೇ ಎಂದು ಕೆಲವರು ಕೇಳಿಯಾರು. ತೆರೆದಿಡಬೇಕಾದದ್ದು ಲೆಕ್ಕಾಚಾರದ ವಿಧಾನವನ್ನು; ಚಿತ್ರಗಳು ರೋಗಿಯವು, ಅವನ ಒಪ್ಪಿಗೆಯಿಲ್ಲದೆ, ಹೆಸರು ಅಳಿಸದೆ ಅವು ಹೊರಹೋಗಕೂಡದು.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಯೂನಿಕೋಡ್ ಬರುವ ಮುನ್ನ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತದಲ್ಲಿ ಕನ್ನಡವನ್ನು ಬಂಧಿಸಿತ್ತು. ಅಂದು ಬೆರಳಚ್ಚಿಸಿದ ಎಷ್ಟೋ ಬರಹಗಳನ್ನು ಇಂದು ತೆರೆದರೆ ಅಕ್ಷರಗಳ ಬದಲು ಕಸ ಕಾಣುತ್ತದೆ. ಲಿಪಿಯ ವಿಷಯದಲ್ಲಿ ಕಳೆದುಹೋದದ್ದು ಲೇಖನ. ವೈದ್ಯಕೀಯದಲ್ಲಿ ಪಣಕ್ಕಿಟ್ಟಿರುವುದು ಪ್ರಾಣ. ಆದ್ದರಿಂದ ಸಾರ್ವಜನಿಕ ಹಣದಿಂದ ರಚಿತವಾದ ವೈದ್ಯಕೀಯ ತಂತ್ರಾಂಶದ ಮೂಲ ಸಂಕೇತ ಸಾರ್ವಜನಿಕರದ್ದೇ ಆಗಬೇಕು. ಅನುದಾನದ ಆದೇಶದಲ್ಲಿಯೇ ಈ ಷರತ್ತು ಸೇರಬೇಕು. ಒಂದು ಸಾಲಿನ ತಿದ್ದುಪಡಿ ಸಾಕು; ಅದಕ್ಕೆ ಸಹಿ ಹಾಕುವ ಮನಸ್ಸು ಬೇಕು.