ಇಬ್ಬರೂ ಬೈದರೆಂದ ಮಾತ್ರಕ್ಕೆ

ಉಕ್ರೇನಿನ ಮಿಕೊಲೈವ್ ನಗರದ ದಕ್ಷಿಣಕ್ಕೆ ಒಂದು ಹಳ್ಳಿ. ಪಕ್ಕದ ಮನೆಯಲ್ಲಿ ತಮ್ಮದೇ ದೇಶದ ಸೈನಿಕರು ಬೀಡುಬಿಟ್ಟಿದ್ದರು. ಐವತ್ತು ವರ್ಷದ ಮಗ ಅವರಿಗೆ ಆಗಾಗ ಊಟ ಒಯ್ದು ಕೊಡುತ್ತಿದ್ದ. ಅತ್ತ ಸುಳಿಯಬೇಡ ಎಂದು ತಾಯಿ ಅಂಗಲಾಚಿದ್ದರು. 2022ರ ಜೂನ್ 10ರಂದು ರಾಕೆಟ್ ಬಂದು ಬಿತ್ತು. ಮಗ ಅಂಗಳದಲ್ಲಿದ್ದ, ತಾಯಿ ಮನೆಯೊಳಗಿದ್ದರು. ತಾಯಿ ಉಳಿದರು.

ಆ ತಾಯಿ ಹೇಳಿದ್ದನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಆ ವರ್ಷದ ಆಗಸ್ಟ್ 4ರ ಪತ್ರಿಕಾ ಪ್ರಕಟಣೆಯಲ್ಲಿ ಹಾಕಿತು. ಉಕ್ರೇನ್ ಸೇನೆ ಜನವಸತಿಯ ನಡುವೆ ನೆಲೆ ಹೂಡಿ ತನ್ನ ಜನರನ್ನೇ ಅಪಾಯಕ್ಕೆ ಒಡ್ಡುತ್ತಿದೆ ಎಂಬುದು ಅದರ ಸಾರ. 19 ಊರುಗಳ ಉದಾಹರಣೆ, ನೋಡಿದ 29 ಶಾಲೆಗಳ ಪೈಕಿ 22ರಲ್ಲಿ ಸೈನಿಕರು ಇದ್ದ ಅಥವಾ ಇದ್ದುಹೋದ ಕುರುಹು. ಝೆಲೆನ್‌ಸ್ಕಿ ಕೆರಳಿದರು. ರಷ್ಯಾದವರು ಆ ಪ್ರಕಟಣೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಆಮ್ನೆಸ್ಟಿಯ ಉಕ್ರೇನ್ ಘಟಕದ ಮುಖ್ಯಸ್ಥೆ ಒಕ್ಸಾನಾ ಪೊಕಾಲ್‌ಚುಕ್ ರಾಜೀನಾಮೆ ಕೊಟ್ಟರು.

ಆಮ್ನೆಸ್ಟಿ ರಷ್ಯಾಕ್ಕೆ ಮಾರಿಕೊಂಡಿದೆ ಎಂದವರ ಮಾತು ನನಗೆ ನಗು ತರಿಸುತ್ತದೆ. ಯುದ್ಧ ಶುರುವಾದಾಗಿನಿಂದ ರಷ್ಯಾ ಸೇನೆಯ ಕ್ರೌರ್ಯವನ್ನು ಊರೂರು ಅಲೆದು ದಾಖಲಿಸುತ್ತಿದ್ದದ್ದೂ ಅದೇ ಸಂಸ್ಥೆ. ಅದರ ರೋಗ ಬೇರೆ. ಪಕ್ಷಪಾತಿ ಅನ್ನಿಸಿಕೊಳ್ಳಬಾರದೆಂಬ ಚಪಲ ಅದಕ್ಕೆ. ಒಂದು ತಟ್ಟೆ ತೂಗಿತೆಂದರೆ ಇನ್ನೊಂದಕ್ಕೂ ಏನಾದರೂ ಹಾಕಲೇಬೇಕು!

ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್ ಏನು ಹೇಳುತ್ತದೆ? ಜನನಿಬಿಡ ಜಾಗಗಳಲ್ಲಿ ಸೇನಾ ನೆಲೆ ಇಡುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕು ಎನ್ನುತ್ತದೆ. ಜಗಳ ಇರುವುದೇ ಆ ‘ಸಾಧ್ಯವಾದಷ್ಟೂ’ ಎಂಬಲ್ಲಿ. ಶತ್ರು ಊರೊಳಗೇ ನುಗ್ಗುತ್ತಿರುವಾಗ ಊರು ಕಾಯುವವನು ಎಲ್ಲಿ ನಿಲ್ಲಬೇಕು? ಹತ್ತಿರದಲ್ಲೇ ದಟ್ಟ ಕಾಡಿತ್ತು, ಸೇನಾ ನೆಲೆಗಳಿದ್ದವು ಎಂದಿತು ಆಮ್ನೆಸ್ಟಿ. ಆ ಕಾಡಿನಲ್ಲಿ ನಿಂತು ಈ ಊರನ್ನು ಉಳಿಸಿಕೊಳ್ಳಲು ಆಗುತ್ತಿತ್ತೇ ಎಂಬುದಕ್ಕೆ ಪ್ರಕಟಣೆಯಲ್ಲಿ ಸರಿಯಾದ ಉತ್ತರವಿಲ್ಲ. ಉಕ್ರೇನಿನ ರಕ್ಷಣಾ ಸಚಿವಾಲಯಕ್ಕೆ ವಿಷಯ ತಿಳಿಸಿದ್ದು ಜುಲೈ 29ರಂದು. ಅಂದರೆ ಯುದ್ಧದ ನಡುವೆ ಒಂದು ವಾರವೂ ಬಿಡುವು ಕೊಡಲಿಲ್ಲ. ಆಮ್ನೆಸ್ಟಿಯೇ ನೇಮಿಸಿದ ಕಾನೂನು ತಜ್ಞರ ಸಮಿತಿ ಮುಂದೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಆಕ್ರಮಣಕ್ಕೆ ತುತ್ತಾದ ದೇಶದ ಸೇನೆಯನ್ನೂ ಪ್ರಶ್ನಿಸುವುದು ಸರಿ, ಆದರೆ ಕಾನೂನು ಮುರಿದಿದ್ದಾರೆ ಎಂಬ ತೀರ್ಮಾನಕ್ಕೆ ಸಾಕಷ್ಟು ಆಧಾರ ಒದಗಿಸಿಲ್ಲ. ಈ ಮಾತು ಹೊರಬಿದ್ದದ್ದು 2023ರ ಏಪ್ರಿಲ್‌ನಲ್ಲಿ, ಅದೂ ನ್ಯೂಯಾರ್ಕ್ ಟೈಮ್ಸ್ ಕೈಗೆ ಸಿಕ್ಕ ಮೇಲೆ. ಊರಿಗೆಲ್ಲ ಪಾರದರ್ಶಕತೆಯ ಪಾಠ ಹೇಳುವವರು ತಮ್ಮ ಮನೆಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದರು.

ಗದ್ದಲ ಎದ್ದಾಗ ಆಮ್ನೆಸ್ಟಿಯ ಮಹಾಕಾರ್ಯದರ್ಶಿ ಆನ್ಯೆಸ್ ಕಲಾಮಾರ್ ಟ್ವೀಟ್ ಮಾಡಿದರು: ಉಕ್ರೇನಿನ ಟ್ರೋಲ್‌ಗಳು, ರಷ್ಯಾದ ಟ್ರೋಲ್‌ಗಳು, ಎಲ್ಲರೂ ಸೇರಿ ನಮ್ಮ ಮೇಲೆ ಬಿದ್ದಿದ್ದಾರೆ, ಇದರಿಂದ ನಮ್ಮ ನಿಷ್ಪಕ್ಷಪಾತಕ್ಕೆ ಏನೂ ಆಗದು ಎಂಬ ಧಾಟಿಯಲ್ಲಿ. ಇಬ್ಬರೂ ಬೈದರೆ ನಾವು ಸರಿ ಎಂಬ ಈ ಸಮಾಧಾನ ನಮ್ಮ ಟಿವಿ ನಿರೂಪಕರಿಗೂ ಬಲು ಪ್ರಿಯ. ಅಡುಗೆ ಕೆಟ್ಟಾಗಲೂ ಮನೆಮಂದಿಯೆಲ್ಲ ಬೈಯುತ್ತಾರೆ, ಸ್ವಾಮಿ.

1990ರಲ್ಲಿ ಆಮ್ನೆಸ್ಟಿಗೆ ಯಾರೂ ಹೀಗೆ ಬೈದಿರಲಿಲ್ಲ. ಇರಾಕಿ ಸೈನಿಕರು ಕುವೈತ್ ಆಸ್ಪತ್ರೆಗಳ ಇನ್‌ಕ್ಯುಬೇಟರ್‌ಗಳಿಂದ ಕೂಸುಗಳನ್ನು ಎಳೆದು ಹಾಕಿದರೆಂಬ ಕಥೆಯನ್ನು ಅದು ನಂಬಿ, ಸತ್ತ ಕೂಸುಗಳು 312 ಎಂದು ಲೆಕ್ಕವನ್ನೂ ಕೊಟ್ಟಿತು. ಅಮೆರಿಕದ ಸಂಸದರ ಮುಂದೆ ಅತ್ತು ಸಾಕ್ಷಿ ನುಡಿದಿದ್ದ ಹುಡುಗಿ ಕುವೈತ್ ರಾಯಭಾರಿಯ ಮಗಳೆಂದು ಗೊತ್ತಾಗುವ ಹೊತ್ತಿಗೆ ಕೊಲ್ಲಿ ಯುದ್ಧ ಮುಗಿದಿತ್ತು. ಆಮ್ನೆಸ್ಟಿ ತನ್ನ ಮಾತನ್ನು ಹಿಂತೆಗೆದುಕೊಂಡದ್ದೂ ಯುದ್ಧ ಮುಗಿದ ಮೇಲೆಯೇ.

ಹಾಗೆಂದು ನಮ್ಮಲ್ಲಿ ಇಂಥ ಸಂಸ್ಥೆಗಳನ್ನು ಬೈಯುವವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ತುರ್ತುಪರಿಸ್ಥಿತಿಯ ಬಂಧನಗಳ ವಿರುದ್ಧ ಆಮ್ನೆಸ್ಟಿ ದನಿ ಎತ್ತಿತ್ತು. ಆಗ ಬೆಂಗಳೂರಿನ ಜೈಲು ಸೇರಿದವರಲ್ಲಿ ವಾಜಪೇಯಿ, ಅಡ್ವಾಣಿ ಇಬ್ಬರೂ ಇದ್ದರು. ಅದೇ ಬೆಂಗಳೂರಿನಲ್ಲಿ 2016ರ ಆಗಸ್ಟ್‌ನಲ್ಲಿ ಆಮ್ನೆಸ್ಟಿ ಕಾಶ್ಮೀರದ ಕುಟುಂಬಗಳನ್ನು ಕರೆಸಿ ಸಭೆ ನಡೆಸಿದಾಗ ವಿದ್ಯಾರ್ಥಿ ಸಂಘಟನೆ ಎಬಿವಿಪಿ ದೂರು ಕೊಟ್ಟಿತು, ಪೊಲೀಸರು ರಾಜದ್ರೋಹದ ಪ್ರಕರಣ ಹಾಕಿದರು. ಆಗ ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ, ಅದೂ ನೆನಪಿರಲಿ. ಆ ಪ್ರಕರಣ ಬಿದ್ದುಹೋಯಿತು. 2020ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಖಾತೆಗಳು ಸ್ಥಗಿತಗೊಂಡು ಆಮ್ನೆಸ್ಟಿ ಇಂಡಿಯಾ ಕೆಲಸ ನಿಲ್ಲಿಸಿತು.

ಆ ಸಭೆಯ ಹಿಂದೆ 2015ರ ವರದಿಯೊಂದಿತ್ತು. ಕಾಶ್ಮೀರದಲ್ಲಿ ಆರೋಪ ಹೊತ್ತ ಭದ್ರತಾ ಸಿಬ್ಬಂದಿಯ ವಿಚಾರಣೆಗೆ ಅನುಮತಿ ಏಕೆ ಸಿಗುತ್ತಿಲ್ಲ ಎಂಬುದು ಅದರ ವಿಷಯ. ಇಂಥ ಪುಟದಲ್ಲಿ ಇಂಥ ತಪ್ಪಿದೆ ಎಂದು ಅದನ್ನು ಬಿಡಿಸಿ ತೋರಿಸಿದ ಟೀಕಾಕಾರರನ್ನು ನಾನಂತೂ ಕಾಣಲಿಲ್ಲ. ಗಲಾಟೆಯೆಲ್ಲ ಆ ಸಭೆಯಲ್ಲಿ ಕೂಗಿದರೆನ್ನಲಾದ ಘೋಷಣೆಗಳ ಸುತ್ತಲೇ ನಡೆಯಿತು. ಉಕ್ರೇನಿನವರು ಕಡೇ ಪಕ್ಷ ಓದಿ ಬೈದಿದ್ದರು.