‘ಫಾರ್ಮ್ಯಾಟ್ ಮಾಡಲೇ?’ ಎಂದರೆ ಬೇಡ ಎನ್ನಿ

ಬೀರುವಿನ ಮೂಲೆಯಲ್ಲಿ ಇಪ್ಪತ್ತೈದು ವರ್ಷ ಮಲಗಿದ್ದ ಫ್ಲಾಪಿಯನ್ನು ಈಗ ಯಾರೋ ಹೊರತೆಗೆಯುತ್ತಾರೆ. ಹೊಸದಾಗಿ ತರಿಸಿದ ಯುಎಸ್‌ಬಿ ಡ್ರೈವ್‌ಗೆ ತೂರಿಸುತ್ತಾರೆ. ಕಟಕಟ ಸದ್ದು. ಆಮೇಲೆ ಪರದೆಯ ಮೇಲೆ ವಿಂಡೋಸ್ ಕೇಳುತ್ತದೆ: ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲೇ? ಖಾಲಿ ಇರಬೇಕು ಎಂದುಕೊಂಡು ಹೂಂ ಎಂದರೆ, ಕಾಲು ಶತಮಾನ ತಾಳಿಕೊಂಡಿದ್ದ ಬರಹ ಒಂದೆರಡು ನಿಮಿಷದಲ್ಲಿ ಅಳಿಸಿಹೋಗಬಹುದು.

ಆ ಪ್ರಶ್ನೆಯನ್ನು ‘ನನಗೆ ಓದಲು ಬರುತ್ತಿಲ್ಲ’ ಎಂದು ಅರ್ಥಮಾಡಿಕೊಳ್ಳಬೇಕು. ಹಳೆಯ ಮೋಡಿ ಲಿಪಿಯ ದಫ್ತರ ಕೈಗೆ ಸಿಕ್ಕರೆ, ಓದಲು ಬಾರದವರೂ ಅದನ್ನು ಖಾಲಿ ಹಾಳೆ ಎನ್ನುವುದಿಲ್ಲ. ಕಂಪ್ಯೂಟರಿಗೆ ಆ ಸಂಕೋಚವಿಲ್ಲ.

ಮೂರೂವರೆ ಇಂಚಿನ ಫ್ಲಾಪಿಗಳೆಲ್ಲ ಹೊರಗೆ ಒಂದೇ, ಒಳಗೆ ಬೇರೆ ಬೇರೆ. ಪಿಸಿಯ 1.44 ಎಂಬಿ ಡಿಸ್ಕಿನಲ್ಲಿರುವುದು ಫ್ಯಾಟ್12 ಎಂಬ ಕಡತ ವ್ಯವಸ್ಥೆ. ಅಮಿಗಾ ಕಂಪ್ಯೂಟರ್ ತನ್ನದೇ ಕ್ರಮದಲ್ಲಿ 880 ಕೆಬಿ ತುಂಬುತ್ತಿತ್ತು. ಹಳೆಯ ಮ್ಯಾಕಿಂಟಾಷ್ ತನ್ನ 400, 800 ಕೆಬಿ ಡಿಸ್ಕುಗಳನ್ನು ಜಾಗಕ್ಕೆ ತಕ್ಕಂತೆ ಬೇರೆ ಬೇರೆ ವೇಗದಲ್ಲಿ ತಿರುಗಿಸುತ್ತಿತ್ತು. ಇವೆರಡನ್ನೂ ಮಾಮೂಲಿ ಯುಎಸ್‌ಬಿ ಡ್ರೈವ್ ಓದಲಾರದು. ಇನ್ನು ಸಿಪಿ/ಎಂ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಯ ಡಿಸ್ಕುಗಳಲ್ಲಂತೂ ಕಂಪನಿಗೊಂದು ವಿನ್ಯಾಸ.

‘ಸ್ಟಾರ್ ಟ್ರೆಕ್’ನ ಕರ್ತೃ ಜೀನ್ ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಐದೂಕಾಲು ಇಂಚಿನ ಸುಮಾರು 200 ಫ್ಲಾಪಿಗಳನ್ನು ಓದಬಲ್ಲ ಯಂತ್ರವೇ ಉಳಿದಿರಲಿಲ್ಲ: ಅವರ ಒಂದು ಕಂಪ್ಯೂಟರ್ ಹರಾಜಾಗಿತ್ತು, ಇನ್ನೊಂದು ಕೆಟ್ಟು ಕೂತಿತ್ತು. ಓದುವ ತಂತ್ರಾಂಶವನ್ನೇ ತಜ್ಞರು ತಿಂಗಳುಗಟ್ಟಲೆ ಕೂತು ಬರೆಯಬೇಕಾಯಿತು. ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಮೂಲ ಕೋಡ್ ಇದ್ದ ಡಿಸ್ಕುಗಳು 2012ರಲ್ಲಿ ಸಿಕ್ಕಾಗ ಅದನ್ನು ಬರೆದ ಜೋರ್ಡನ್ ಮೆಕ್ನರ್ ಎದುರಿಗೇ ಇದ್ದರು, ಆಪಲ್ 2 ಕಂಪ್ಯೂಟರ್ ಬಲ್ಲವರೂ ಜೊತೆಗಿದ್ದರು. ಕೆಲಸ ಬೇಗ ಮುಗಿಯಿತು.

ನಮ್ಮ ಡಿಟಿಪಿ ಅಂಗಡಿ, ಮುದ್ರಣಾಲಯ, ಲೇಖಕರ ಮನೆಗಳ ಫ್ಲಾಪಿ ಡಬ್ಬಿಗಳಿಗೂ ಇದೇ ಗಡುವು: ಬರೆದವರೂ ಓದುವ ಯಂತ್ರವೂ ಇರುವವರೆಗೆ. ಸೋನಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿದ್ದು 2011ರಲ್ಲಿ. ಡಿಸ್ಕಿಗೆ ಬೂಷ್ಟು ಹಿಡಿಯುತ್ತಿದೆ. ಹಾಗೇ ಹಾಕಿದರೆ ಡ್ರೈವಿನ ಹೆಡ್ಡೂ ಕೆಡುತ್ತದೆ. ಫೈಲ್ ತೆರೆದರೂ ಯೂನಿಕೋಡ್‌ಗೆ ಮುಂಚಿನ ಕನ್ನಡ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕಸವೆಂದು ಅದನ್ನೂ ಅಳಿಸುವವರಿದ್ದಾರೆ.

ಆದ್ದರಿಂದ ಡ್ರೈವಿಗೆ ಹಾಕುವ ಮುಂಚೆಯೇ ಡಿಸ್ಕಿನ ಮೇಲೆ ಏನೂ ಬರೆಯಲಾಗದಂತೆ ಬೀಗ ಹಾಕಿ. ಮೂರೂವರೆ ಇಂಚಿನದಾದರೆ ಮೂಲೆಯ ಪುಟ್ಟ ಚಿಲಕ ಸರಿಸಿ ಕಿಂಡಿ ತೆರೆದಿರಲಿ. ಐದೂಕಾಲಿನದಾದರೆ ಪಕ್ಕದ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚಿ. ಗ್ರೀಸ್‌ವೀಸಲ್, ಕ್ರಯೋಫ್ಲಕ್ಸ್‌ನಂಥ ಸಾಧನಗಳು ಡಿಸ್ಕ್ ಯಾವ ಜಾತಿಯದೆಂದು ಕೇಳದೆ ಕಾಂತೀಯ ಏರಿಳಿತವನ್ನೇ ನಕಲು ಮಾಡುತ್ತವೆ. ಪರೀಕ್ಷೆಯೆಲ್ಲ ಆ ನಕಲಿನ ಮೇಲೆ ನಡೆಯಲಿ. ಪಿಸಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಸಾಮಾನ್ಯವಾಗಿ ಸೆಕ್ಟರುಗಳ ಲೆಕ್ಕವಿರುತ್ತದೆ. ಅಮಿಗಾ ಡಿಸ್ಕ್ ‘ಡಿ-ಒ-ಎಸ್’ ಎಂಬ ಮೂರಕ್ಷರದಿಂದ ಶುರುವಾಗುತ್ತದೆ. ಮ್ಯಾಕಿನ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಆದರೆ 1,024 ಬೈಟ್ ದಾಟಿದೊಡನೆ ‘ಬಿ-ಡಿ’ ಸಿಗುತ್ತದೆ.

ಇದಕ್ಕೆಲ್ಲ ಮುಂಚೆ ಖರ್ಚಿಲ್ಲದ ಕೆಲಸವೊಂದಿದೆ. ಆ ಫ್ಲಾಪಿ ಬರೆದವರು ಇನ್ನೂ ನಮ್ಮೊಂದಿಗಿದ್ದರೆ ಅವರನ್ನೇ ಕೇಳಿ: ಯಾವ ಕಂಪ್ಯೂಟರಿನಲ್ಲಿ, ಯಾವ ತಂತ್ರಾಂಶದಲ್ಲಿ ಬರೆದದ್ದು? ಉತ್ತರವನ್ನು ಡಿಸ್ಕಿನ ಮೇಲೆ ಬಾಲ್‌ಪೆನ್ನು ಒತ್ತಿ ಬರೆಯಬೇಡಿ. ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಿ. ಈ ವಾರವೇ ಕೇಳಿ.